ರೊಸಾರಿಯೊ ಮುರಿಯೊ ಅವರಿಗೊಂದು ಬಹಿರಂಗ ಪತ್ರ: ‘ಲಾ ಪ್ರೆನ್ಸಾ’ದ ಅಚ್ಚುಕೂಟವನ್ನು ಹಿಂದಿರುಗಿಸಿ

ಗೌರವಾನ್ವಿತ ರೊಸಾರಿಯೊ ಮುರಿಯೊ ಅವರಿಗೆ,
ಸಹ-ಅಧ್ಯಕ್ಷರು, ನಿಕರಾಗುವಾ ಗಣರಾಜ್ಯ,
ಮನಾಗುವಾ.

ವಿಷಯ: ‘ಲಾ ಪ್ರೆನ್ಸಾ’ ದಿನಪತ್ರಿಕೆಯ ಕಟ್ಟಡ ಮತ್ತು ಮುದ್ರಣಯಂತ್ರಗಳನ್ನು ಅದರ ಒಡೆಯರಿಗೂ, ಪೌರತ್ವವನ್ನು ಅದನ್ನು ಕಳೆದುಕೊಂಡ ಪತ್ರಕರ್ತರಿಗೂ ಮರಳಿಸುವ ಕುರಿತು.

ಮಾನ್ಯರೇ,

ಕನ್ನಡದಲ್ಲಿ ಬರೆದ ಈ ಪತ್ರ ನಿಮ್ಮ ಮೇಜಿನವರೆಗೆ ತಲುಪುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಬಹಿರಂಗ ಪತ್ರವನ್ನು ಅದರ ವಿಳಾಸದಾರರಷ್ಟೇ ಓದಬೇಕೆಂಬ ಕಟ್ಟಳೆಯೇನೂ ಇಲ್ಲ. ನಿಮ್ಮ ದೇಶದ ಹೆಸರನ್ನು ನಮ್ಮಲ್ಲಿ ಒಂದು ತಲೆಮಾರಿನ ಜನ ಬಹಳ ಪ್ರೀತಿಯಿಂದ ಉಚ್ಚರಿಸುತ್ತಿದ್ದರು. 1979ರಲ್ಲಿ ಸೊಮೊಸಾ ಮನೆತನದ ನಿರಂಕುಶ ಆಳ್ವಿಕೆಯನ್ನು ಕಿತ್ತೊಗೆದ ಪುಟ್ಟ ರಾಷ್ಟ್ರವೆಂದು, ಅಮೆರಿಕದ ಬೆದರಿಕೆಗೆ ತಲೆಬಾಗದ ನೆಲವೆಂದು ಅದನ್ನು ಕೊಂಡಾಡಿದವರು ಇಲ್ಲಿಯೂ ಇದ್ದರು. 1983ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ನಡೆದ ಅಲಿಪ್ತ ರಾಷ್ಟ್ರಗಳ ಶೃಂಗಸಭೆಗೆ ನಿಮ್ಮ ಪತಿ ದಾನಿಯೆಲ್ ಒರ್ತೆಗಾ ಅವರು ಬಂದಾಗ ಅವರನ್ನು ಕುತೂಹಲದಿಂದಲೂ ಗೌರವದಿಂದಲೂ ನೋಡಿದ ದೇಶ ಇದು. ಆ ಗೌರವ ಏಕೆ ಕರಗಿತು ಎಂಬುದನ್ನು ನಿಮ್ಮ ದೇಶದ ಒಂದು ದಿನಪತ್ರಿಕೆಯ ಕತೆಯ ಮೂಲಕವೇ ಹೇಳಬಹುದು.

ಈ ಪತ್ರವನ್ನು ಒರ್ತೆಗಾ ಅವರಿಗೆ ಬರೆಯದೆ ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. 2025ರ ಸಾಂವಿಧಾನಿಕ ಬದಲಾವಣೆಯ ನಂತರ ನೀವು ಸಹ-ಅಧ್ಯಕ್ಷರು, ಅಧಿಕಾರದಲ್ಲಿ ಸಮಪಾಲು ಹೊಂದಿರುವವರು ಎಂಬುದು ಒಂದು. ಅದಕ್ಕಿಂತ ದೊಡ್ಡ ಕಾರಣವೆಂದರೆ, ನಿಮ್ಮ ಸರ್ಕಾರದಲ್ಲಿ ಬೇರೆ ಯಾರಿಗೂ ಇಲ್ಲದಷ್ಟು ಹತ್ತಿರದ ಪರಿಚಯ ನಿಮಗೆ ಆ ಪತ್ರಿಕೆಯೊಂದಿಗಿದೆ. 1960ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ನೀವು ‘ಲಾ ಪ್ರೆನ್ಸಾ’ದ ಕಚೇರಿಯಲ್ಲೇ ಕೆಲಸ ಮಾಡಿದವರು. ಅದರ ಸಂಪಾದಕ ಪೆದ್ರೊ ಹೋಆಕಿನ್ ಚಮೊರ್ರೊ ಅವರಿಗೂ, ಕವಿ ಪಾಬ್ಲೊ ಅಂತೋನಿಯೊ ಕ್ವಾದ್ರಾ ಅವರಿಗೂ ಕಾರ್ಯದರ್ಶಿಯಾಗಿದ್ದವರು. ಕರ್ಫ್ಯೂ ಹೇರಿದ ರಾತ್ರಿಗಳಲ್ಲಿ ಪತ್ರಿಕೆಯ ಕಚೇರಿ ಹೇಗಿರುತ್ತದೆ, ಸೆನ್ಸಾರ್ ಅಧಿಕಾರಿಯ ಕತ್ತರಿ ಪುಟದ ಮೇಲೆ ಹೇಗೆ ಆಡುತ್ತದೆ, ಸಂಪಾದಕರನ್ನು ಪೊಲೀಸರು ಕರೆದೊಯ್ದಾಗ ಉಳಿದವರು ಮರುದಿನದ ಸಂಚಿಕೆಯನ್ನು ಹೇಗೆ ಹೊರತರುತ್ತಾರೆ ಎಂಬುದನ್ನು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಆದ್ದರಿಂದ ಮುಂದೆ ನಾನು ಹೇಳುವುದರಲ್ಲಿ ನಿಮಗೆ ಹೊಸದು ಕಡಿಮೆ. ಕನ್ನಡದ ಓದುಗರಿಗಾಗಿ ಅದನ್ನು ಕ್ರಮವಾಗಿ ಹೇಳಲೇಬೇಕಾಗಿದೆ.

‘ಲಾ ಪ್ರೆನ್ಸಾ’ ಮನಾಗುವಾದಲ್ಲಿ ಮೊದಲು ಹೊರಬಂದದ್ದು 1926ರ ಮಾರ್ಚ್ 2ರಂದು. ಐದೇ ವರ್ಷಕ್ಕೆ, 1931ರ ಮಾರ್ಚ್‌ನಲ್ಲಿ, ಭೂಕಂಪ ರಾಜಧಾನಿಯನ್ನು ನೆಲಸಮ ಮಾಡಿತು. ಅದೇ ಕಾಲಕ್ಕೆ ಪತ್ರಿಕೆ ಇತಿಹಾಸಕಾರರೂ ಆಗಿದ್ದ ಪೆದ್ರೊ ಹೋಆಕಿನ್ ಚಮೊರ್ರೊ ಸೆಲಾಯಾ ಅವರ ಕೈಸೇರಿತು. ಕನ್ಸರ್ವೇಟಿವ್ ಪಕ್ಷದ ಒಲವಿನ, ಹಳೆಯ ಮನೆತನವೊಂದರ ಪತ್ರಿಕೆಯಾಗಿಯೇ ಅದು ಬೆಳೆಯಿತು ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಚಮೊರ್ರೊ ವಂಶದಿಂದ ನಿಮ್ಮ ದೇಶಕ್ಕೆ ಹಲವು ಅಧ್ಯಕ್ಷರು ಬಂದಿದ್ದಾರೆ. ಬಡವರ ಗುಡಿಸಲಿನಿಂದ ಹುಟ್ಟಿದ ಪತ್ರಿಕೆ ಅದಲ್ಲ. ಆದರೂ ಸೊಮೊಸಾಗಳ ನಾಲ್ಕು ದಶಕಗಳ ಆಳ್ವಿಕೆಯಲ್ಲಿ ಅರಮನೆಯ ಮಾತಿಗೆ ಎದುರು ಮಾತಾಡಿದ ಪ್ರಮುಖ ದಿನಪತ್ರಿಕೆ ಅದೇ. ‘ಸತ್ಯ ಮತ್ತು ನ್ಯಾಯದ ಸೇವೆಯಲ್ಲಿ’ ಎಂಬುದು ಅದರ ಧ್ಯೇಯವಾಕ್ಯ. ಇಂಥ ವಾಕ್ಯಗಳನ್ನು ಎಲ್ಲ ಪತ್ರಿಕೆಗಳೂ ಹೆಸರಿನ ಕೆಳಗೆ ಅಚ್ಚು ಹಾಕಿಕೊಳ್ಳುತ್ತವೆ. ಅದಕ್ಕೆ ಬೆಲೆ ತೆತ್ತವು ಕಡಿಮೆ.

ತಂದೆ 1952ರಲ್ಲಿ ತೀರಿಕೊಂಡ ಮೇಲೆ ಪತ್ರಿಕೆಯ ಹೊಣೆ ಹೊತ್ತ ಪೆದ್ರೊ ಹೋಆಕಿನ್ ಚಮೊರ್ರೊ ಕಾರ್ದೆನಾಲ್ ತೆತ್ತ ಬೆಲೆಯ ಲೆಕ್ಕ ಉದ್ದವಾದುದು. 1954ರ ಬಂಡಾಯದ ಸಂಬಂಧದಲ್ಲಿ ಅವರು ಸೆರೆವಾಸ ಅನುಭವಿಸಿದರು. 1956ರಲ್ಲಿ ಹಿರಿಯ ಸೊಮೊಸಾ ಲಿಯೋನ್ ನಗರದಲ್ಲಿ ಗುಂಡಿಗೆ ಬಲಿಯಾದಾಗ ಆ ಸಂಚಿನ ಆರೋಪವನ್ನು ಇವರ ತಲೆಗೂ ಕಟ್ಟಿ, ಚಿತ್ರಹಿಂಸೆ ಕೊಟ್ಟು, ಕೊನೆಗೆ ಸಾನ್ ಹುವಾನ್ ನದಿಯ ದಡದ ದೂರದ ಊರಿಗೆ ಗಡೀಪಾರು ಮಾಡಲಾಯಿತು. ಅಲ್ಲಿಂದ ಅವರು ಕೋಸ್ಟರಿಕಾಕ್ಕೆ ತಪ್ಪಿಸಿಕೊಂಡು ಹೋದರು. 1959ರಲ್ಲಿ ಸಶಸ್ತ್ರ ದಂಡಯಾತ್ರೆಯೊಂದರಲ್ಲಿ ಪಾಲ್ಗೊಂಡು ಮತ್ತೆ ಸೆರೆಯಾದರು, 1967ರಲ್ಲಿ ಮಗದೊಮ್ಮೆ. 1972ರ ಡಿಸೆಂಬರ್ 23ರ ಭೂಕಂಪ ಮನಾಗುವಾವನ್ನು ಎರಡನೆಯ ಬಾರಿ ಕೆಡವಿತು. ಪತ್ರಿಕೆಯ ಹಳೆಯ ಕಚೇರಿಯೂ ಆಗ ಹೋಯಿತು. ಪರಿಹಾರಕ್ಕೆಂದು ಜಗತ್ತು ಕಳಿಸಿದ ಹಣವನ್ನು ಆಳುವ ಕುಟುಂಬ ಹೇಗೆ ನುಂಗಿತು ಎಂಬುದನ್ನು ಮತ್ತೆ ಎದ್ದುನಿಂತ ಪತ್ರಿಕೆ ಬಿಡದೆ ಬರೆಯಿತು. 1974ರ ಡಿಸೆಂಬರ್‌ನಲ್ಲಿ ಸ್ಯಾಂಡಿನಿಸ್ಟಾ ಗೆರಿಲ್ಲಾಗಳು, ಅಂದರೆ ಮುಂದೆ ನಿಮ್ಮ ಪಕ್ಷವಾದ ಸಂಘಟನೆಯ ಹೋರಾಟಗಾರರು, ಸೊಮೊಸಾ ಆಪ್ತರನ್ನು ಒತ್ತೆ ಇಟ್ಟುಕೊಂಡು ತಮ್ಮ ಸಂಗಾತಿಗಳನ್ನು ಸೆರೆಯಿಂದ ಬಿಡಿಸಿಕೊಂಡರು. ಹಾಗೆ ಬಿಡುಗಡೆಯಾದವರಲ್ಲಿ ದಾನಿಯೆಲ್ ಒರ್ತೆಗಾ ಒಬ್ಬರು. ಆ ಘಟನೆಯ ಬೆನ್ನಿಗೇ ಬಂದ ಸೆನ್ಸಾರ್ ಆಡಳಿತವನ್ನು 1977ರವರೆಗೆ ಅನುಭವಿಸಿದ್ದು ‘ಲಾ ಪ್ರೆನ್ಸಾ’. ಆ ದಿನಗಳ ಬಹುಭಾಗ ನೀವು ಆ ಕಚೇರಿಯಲ್ಲಿದ್ದಿರಿ.

1978ರ ಜನವರಿ 10ರ ಬೆಳಿಗ್ಗೆ ಚಮೊರ್ರೊ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಕಚೇರಿಗೆ ಹೊರಟಿದ್ದರು. ಭೂಕಂಪದಲ್ಲಿ ಹಾಳುಬಿದ್ದ ಹಳೆಯ ಊರಿನ ಬೀದಿಯಲ್ಲಿ ಅವರನ್ನು ಅಡ್ಡಗಟ್ಟಿ ಗುಂಡು ಹೊಡೆದು ಕೊಂದರು. ಅದಕ್ಕೆ ಮುನ್ನ ಪತ್ರಿಕೆ ‘ಪ್ಲಾಸ್ಮಾಫೆರೆಸಿಸ್’ ಎಂಬ ಕಂಪನಿಯ ವಿರುದ್ಧ ಸರಣಿ ವರದಿಗಳನ್ನು ಪ್ರಕಟಿಸಿತ್ತು. ಬಡವರಿಗೆ ಚಿಲ್ಲರೆ ಕಾಸು ಕೊಟ್ಟು ರಕ್ತ ತೆಗೆದು, ಅದರ ಪ್ಲಾಸ್ಮಾವನ್ನು ಹೊರದೇಶಕ್ಕೆ ಮಾರುತ್ತಿದ್ದ ಕಂಪನಿ ಅದು. ಕೊಲೆಯ ಸುದ್ದಿ ಹರಡುತ್ತಲೇ ಜನ ಮೊದಲು ಬೆಂಕಿ ಇಟ್ಟದ್ದು ಆ ಕಟ್ಟಡಕ್ಕೆ. ಕೊಲ್ಲಿಸಿದವರು ಯಾರು ಎಂಬ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಆ ಸಾವಿನ ಪರಿಣಾಮವೇನು ಎಂಬುದರಲ್ಲಿ ಅನುಮಾನವಿಲ್ಲ. ಅಂಗಡಿಗಳು ಮುಚ್ಚಿದವು, ದೇಶವ್ಯಾಪಿ ಮುಷ್ಕರ ನಡೆಯಿತು, ಅಲ್ಲಿಯವರೆಗೆ ಸುಮ್ಮನಿದ್ದ ಮಧ್ಯಮವರ್ಗ ಸೊಮೊಸಾ ವಿರುದ್ಧ ತಿರುಗಿಬಿದ್ದಿತು. ಒಂದೂವರೆ ವರ್ಷಕ್ಕೆ ಸ್ಯಾಂಡಿನಿಸ್ಟಾಗಳು ಮನಾಗುವಾವನ್ನು ಪ್ರವೇಶಿಸಿದರು. ಸೋಲು ಖಚಿತವಾಗಿದ್ದ 1979ರ ಜೂನ್‌ನಲ್ಲಿ ಸೊಮೊಸಾನ ನ್ಯಾಷನಲ್ ಗಾರ್ಡ್ ಪಡೆ ಉತ್ತರ ಹೆದ್ದಾರಿಯಲ್ಲಿದ್ದ ‘ಲಾ ಪ್ರೆನ್ಸಾ’ದ ಅಚ್ಚುಕೂಟದ ಮೇಲೆ ದಾಳಿ ನಡೆಸಿ ಅದನ್ನು ಸುಟ್ಟುಹಾಕಿತು. ಕ್ರಾಂತಿಗೆ ದಾರಿ ಮಾಡಿಕೊಟ್ಟವರಲ್ಲಿ ಆ ಸಂಪಾದಕ ಒಬ್ಬರು ಎಂಬುದನ್ನು ನಿಮ್ಮ ಪಕ್ಷವೂ ಒಂದು ಕಾಲದಲ್ಲಿ ಒಪ್ಪಿತ್ತು. ‘ಸಾರ್ವಜನಿಕ ಸ್ವಾತಂತ್ರ್ಯಗಳ ಹುತಾತ್ಮ’ ಎಂಬ ಅವರ ಬಿರುದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಮುಂದಿನ ದಶಕದ ವಿಚಾರದಲ್ಲಿ ನಿಮಗೂ ಹೇಳುವ ಮಾತುಗಳಿವೆ, ಅವನ್ನು ನಾನು ತಳ್ಳಿಹಾಕುವುದಿಲ್ಲ. ಕ್ರಾಂತಿಯ ನಂತರದ ಐವರ ಆಡಳಿತ ಮಂಡಳಿಯಲ್ಲಿದ್ದ ಚಮೊರ್ರೊ ಅವರ ಪತ್ನಿ ವಿಯೊಲೆತಾ ಬಾರ್ರಿಯೋಸ್ 1980ರ ಏಪ್ರಿಲ್‌ನಲ್ಲಿ ಹೊರಬಂದರು. ಅದೇ ಹೊತ್ತಿಗೆ ಪತ್ರಿಕೆಯೇ ಒಡೆಯಿತು. ಸಂಪಾದಕರ ತಮ್ಮ ಹಾವಿಯೆರ್ ಚಮೊರ್ರೊ ಬಹುಪಾಲು ಸಿಬ್ಬಂದಿಯನ್ನು ಕರೆದುಕೊಂಡು ಹೋಗಿ ಕ್ರಾಂತಿಯ ಪರವಾದ ‘ಎಲ್ ನ್ಯುಯೆವೊ ದಿಯಾರಿಯೊ’ ಆರಂಭಿಸಿದರು. ಚಮೊರ್ರೊ ಅವರ ಮಗ ಕಾರ್ಲೋಸ್ ಫೆರ್ನಾಂದೊ ನಿಮ್ಮ ಪಕ್ಷದ ಮುಖವಾಣಿ ‘ಬಾರ್ರಿಕಾದಾ’ದ ಸಂಪಾದಕರಾದರು. ಅದರ ಸಾಂಸ್ಕೃತಿಕ ಪುರವಣಿ ‘ವೆಂತಾನಾ’ವನ್ನು ನೋಡಿಕೊಂಡವರು ನೀವು. ಒಂದೇ ಮನೆಯ ಮಕ್ಕಳು ಎದುರುಬದುರು ಪತ್ರಿಕೆಗಳಲ್ಲಿ ಕುಳಿತು ಬರೆದ ಇಂಥ ಉದಾಹರಣೆ ಜಗತ್ತಿನಲ್ಲಿ ಹೆಚ್ಚಿಲ್ಲ. ಭಾನುವಾರದ ಊಟಕ್ಕೆ ಅವರು ಒಟ್ಟಿಗೆ ಕೂತಾಗ ಏನು ಮಾತಾಡುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನು ‘ಲಾ ಪ್ರೆನ್ಸಾ’ ಆ ವರ್ಷಗಳಲ್ಲಿ ಸರ್ಕಾರದ ಕಟು ವಿರೋಧಿಯಾಗಿತ್ತು. ಅಮೆರಿಕದ ಕಾಂಗ್ರೆಸ್ ಹಣ ಒದಗಿಸುವ ‘ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ’ ಸಂಸ್ಥೆಯಿಂದ ನೆರವನ್ನೂ ಪಡೆಯಿತು. ಅದೇ ಅಮೆರಿಕ, ನಿಮ್ಮ ಸರ್ಕಾರದ ವಿರುದ್ಧ ಯುದ್ಧ ಹೂಡಿದ್ದ ಕಾಂಟ್ರಾ ಎಂಬ ಬಂಡುಕೋರ ಪಡೆಗಳಿಗೆ ಬಂದೂಕು ಕೊಟ್ಟು ನಿಮ್ಮ ರೈತರನ್ನು ಕೊಲ್ಲಿಸುತ್ತಿದ್ದಾಗ ಆ ನೆರವನ್ನು ಪಡೆದದ್ದು ಸರಿಯೇ ಎಂದು ಕೇಳುವ ಹಕ್ಕು ನಿಕರಾಗುವಾದ ಯಾವ ಪ್ರಜೆಗೂ ಇದೆ.

ಆದರೆ ಕೇಳುವುದು ಬೇರೆ, ಬೀಗ ಜಡಿಯುವುದು ಬೇರೆ. 1982ರ ತುರ್ತುಸ್ಥಿತಿಯೊಂದಿಗೆ ಪೂರ್ವಭಾವಿ ಸೆನ್ಸಾರ್ ಬಂತು. 1986ರ ಜೂನ್ 25ರಂದು ಅಮೆರಿಕದ ಪ್ರತಿನಿಧಿ ಸಭೆ ಕಾಂಟ್ರಾಗಳಿಗೆ 10 ಕೋಟಿ ಡಾಲರ್ ನೆರವಿಗೆ ಒಪ್ಪಿಗೆ ಕೊಟ್ಟಿತು. ಮರುದಿನವೇ ನಿಮ್ಮ ಸರ್ಕಾರ ‘ಲಾ ಪ್ರೆನ್ಸಾ’ವನ್ನು ಅನಿರ್ದಿಷ್ಟ ಕಾಲ ಮುಚ್ಚಿತು. ವಾಷಿಂಗ್ಟನ್ನಿನ ಮೇಲಿನ ಸಿಟ್ಟನ್ನು ಮನಾಗುವಾದ ಓದುಗರ ಮೇಲೆ ತೀರಿಸಿಕೊಂಡಂತಾಯಿತು. ಮಧ್ಯ ಅಮೆರಿಕದ ಅಧ್ಯಕ್ಷರೆಲ್ಲ ಎಸ್ಕಿಪುಲಾಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, 1987ರ ಅಕ್ಟೋಬರ್ 1ರಂದು ಪತ್ರಿಕೆ ಮತ್ತೆ ಬೀದಿಗೆ ಬಂತು. ಆಗ ಅದನ್ನು ತೆರೆಯಲು ಒಪ್ಪಿದವರೂ ಒರ್ತೆಗಾ ಅವರೇ ಎಂಬುದನ್ನು ಇಲ್ಲಿ ಬೇಕೆಂದೇ ನೆನಪಿಸುತ್ತಿದ್ದೇನೆ. ಯುದ್ಧ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಗಡಿಯಲ್ಲಿ ಶತ್ರುಪಡೆ ನಿಂತಿದ್ದಾಗ ಸಾಧ್ಯವಾದದ್ದು ಈಗ ಏಕೆ ಸಾಧ್ಯವಿಲ್ಲ ಎಂಬುದೇ ನನ್ನ ಪ್ರಶ್ನೆಯ ತಿರುಳು.

1990ರ ಫೆಬ್ರವರಿ ಚುನಾವಣೆಯಲ್ಲಿ ವಿಯೊಲೆತಾ ಗೆದ್ದರು, ಒರ್ತೆಗಾ ಸೋಲನ್ನು ಒಪ್ಪಿಕೊಂಡು ಅಧಿಕಾರ ಹಸ್ತಾಂತರಿಸಿದರು. ಅದು ನಿಮ್ಮ ಪಕ್ಷದ ಇತಿಹಾಸದ ಉಜ್ವಲ ದಿನಗಳಲ್ಲಿ ಒಂದೆಂದು ನಾನು ಈಗಲೂ ನಂಬಿದ್ದೇನೆ. ನೀವು ವಿರೋಧ ಪಕ್ಷದಲ್ಲಿದ್ದ ಹದಿನಾರು ವರ್ಷಗಳಲ್ಲಿ ನಿಮ್ಮ ‘ಬಾರ್ರಿಕಾದಾ’ವನ್ನು ಪೊಲೀಸರು ಬಂದು ಮುಚ್ಚಿಸಲಿಲ್ಲ. 1998ರಲ್ಲಿ ಅದು ನಿಂತದ್ದು ಹಣದ ಮುಗ್ಗಟ್ಟಿನಿಂದ. ‘ಲಾ ಪ್ರೆನ್ಸಾ’ದ ಒಡತಿ ರಾಷ್ಟ್ರಾಧ್ಯಕ್ಷರಾಗಿದ್ದ ಕಾಲದಲ್ಲಿ ನಿಮ್ಮ ಪತ್ರಿಕೆ ಅವರನ್ನು ಪ್ರತಿದಿನ ಟೀಕಿಸಬಹುದಿತ್ತು. 2007ರಲ್ಲಿ ನೀವು ಅಧಿಕಾರಕ್ಕೆ ಮರಳಿದ ಮೇಲೆ ಅದೇ ಅವಕಾಶ ನಿಮ್ಮ ಟೀಕಾಕಾರರಿಗೆ ಉಳಿಯಲಿಲ್ಲ ಎಂಬುದೇ ಮುಂದಿನ ಕತೆ.

2018ರ ಏಪ್ರಿಲ್‌ನಲ್ಲಿ ಸಾಮಾಜಿಕ ಭದ್ರತೆಯ ಕಾನೂನಿನ ಬದಲಾವಣೆಯ ವಿರುದ್ಧ ಆರಂಭವಾದ ಪ್ರತಿಭಟನೆ ದೇಶವನ್ನೇ ಆವರಿಸಿತು. ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗದ ಲೆಕ್ಕದಂತೆ ಆ ಬಿಕ್ಕಟ್ಟಿನಲ್ಲಿ 355 ಮಂದಿ ಸತ್ತರು. ಸತ್ತವರ ಹೆಸರು, ವಯಸ್ಸು, ಊರು ಬರೆದದ್ದು ‘ಲಾ ಪ್ರೆನ್ಸಾ’ದ ತಪ್ಪಾಯಿತು. ಆ ವರ್ಷದಿಂದ ಪತ್ರಿಕೆ ಆಮದು ಮಾಡಿಕೊಂಡ ಕಾಗದ, ಶಾಯಿ, ಬಿಡಿಭಾಗಗಳೆಲ್ಲ ಕಸ್ಟಮ್ಸ್ ಗೋದಾಮಿನಲ್ಲಿ ಕೊಳೆಯತೊಡಗಿದವು. ಕಾರಣವನ್ನು ಕೇಳಿದರೆ ಉತ್ತರವಿಲ್ಲ. ಸುಮಾರು ಒಂದೂವರೆ ವರ್ಷ ಹೀಗೇ ನಡೆಯಿತು. ಪುಟಗಳು ಕಡಿಮೆಯಾದವು, ಪುರವಣಿಗಳು ನಿಂತವು, ನೌಕರರು ಕೆಲಸ ಕಳೆದುಕೊಂಡರು. ಒಂದು ಕಾಲದಲ್ಲಿ ನಿಮ್ಮ ಪಕ್ಷದ ಪರವಾಗಿ ನಿಂತಿದ್ದ ‘ಎಲ್ ನ್ಯುಯೆವೊ ದಿಯಾರಿಯೊ’ ಇದೇ ಉಸಿರುಗಟ್ಟುವಿಕೆಯನ್ನು ತಾಳಲಾರದೆ 2019ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಸೊಮೊಸಾ ಅಚ್ಚುಕೂಟ ಸುಟ್ಟಾಗ ಹೊಗೆಯಾದರೂ ಜಗತ್ತಿಗೆ ಕಾಣುತ್ತಿತ್ತು. ಸುಂಕದ ಕಚೇರಿಯ ಕಡತದಲ್ಲಿ ಹೂತುಹಾಕಿದ ಕಾಗದದ ರೀಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

2019ರ ಜನವರಿಯಲ್ಲಿ ‘ಲಾ ಪ್ರೆನ್ಸಾ’ ಒಂದು ದಿನ ತನ್ನ ಮುಖಪುಟವನ್ನು ಖಾಲಿ ಬಿಟ್ಟು, ಮಾಹಿತಿಯೇ ಇಲ್ಲದೆ ಬದುಕುವುದನ್ನು ಕಲ್ಪಿಸಿಕೊಂಡಿದ್ದೀರಾ ಎಂದು ಓದುಗರನ್ನು ಕೇಳಿತು. ಈ ಭಾಷೆ ಭಾರತದವರಿಗೆ ಅರ್ಥವಾಗುತ್ತದೆ. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿದು, ಮರುದಿನ ತುರ್ತುಪರಿಸ್ಥಿತಿ ಸಾರಿದಾಗ ‘ಇಂಡಿಯನ್ ಎಕ್ಸ್‌ಪ್ರೆಸ್’ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಹೊರಬಂದಿತ್ತು. ನಮ್ಮಲ್ಲಿ ಪತ್ರಿಕೆಗಳೆಲ್ಲ ಸ್ವತಂತ್ರವಾಗಿವೆ, ಪತ್ರಕರ್ತರೆಲ್ಲ ಸುರಕ್ಷಿತರು ಎಂದು ಹೇಳಿಕೊಂಡು ನಿಮಗೆ ಬುದ್ಧಿ ಹೇಳಲು ನಾನು ಬಂದಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದದ್ದನ್ನು ನೋಡಿದ ಊರಿನವರು ಹಾಗೆ ಹೇಳಲಾರರು. ಖಾಲಿ ಪುಟದ ಅರ್ಥ ತಿಳಿದವರಾಗಿ ಮಾತ್ರ ಬರೆಯುತ್ತಿದ್ದೇನೆ.

2020ರ ಫೆಬ್ರವರಿಯಲ್ಲಿ ಪೋಪರ ರಾಯಭಾರಿಯ ಮಧ್ಯಸ್ಥಿಕೆಯಿಂದ ಕಾಗದ ಬಿಡುಗಡೆಯಾಯಿತು. ಆದರೆ 2021ರಲ್ಲಿ ಮತ್ತೆ ತಡೆಹಿಡಿಯಲಾಯಿತು. ಆ ವರ್ಷ ನವೆಂಬರ್ 7ರಂದು ಅಧ್ಯಕ್ಷೀಯ ಚುನಾವಣೆ ನಡೆಯಬೇಕಿತ್ತು. ಅಭ್ಯರ್ಥಿಯಾಗಲು ಹೊರಟಿದ್ದ, ಪತ್ರಿಕೆಯ ಆಡಳಿತದಲ್ಲೂ ಇದ್ದ ಕ್ರಿಸ್ತಿಯಾನಾ ಚಮೊರ್ರೊ ಅವರನ್ನು ಜೂನ್‌ನಲ್ಲೇ ಗೃಹಬಂಧನದಲ್ಲಿ ಇರಿಸಲಾಗಿತ್ತು. ಅವರ ಸಹೋದರನನ್ನೂ ಅದೇ ತಿಂಗಳು ಬಂಧಿಸಲಾಯಿತು. ಆಗಸ್ಟ್ 12ರಂದು ‘ಲಾ ಪ್ರೆನ್ಸಾ’ ಕಾಗದ ಮುಗಿದಿದೆ, ಅಚ್ಚಿನ ಸಂಚಿಕೆಯನ್ನು ನಿಲ್ಲಿಸುತ್ತಿದ್ದೇವೆ ಎಂದು ಪ್ರಕಟಿಸಿತು. ಮರುದಿನ ಪೊಲೀಸರು ಕಚೇರಿಗೂ ಅಚ್ಚುಕೂಟಕ್ಕೂ ನುಗ್ಗಿದರು. ಪ್ರಧಾನ ವ್ಯವಸ್ಥಾಪಕ ಹುವಾನ್ ಲೊರೆನ್ಸೊ ಹೊಲ್ಮನ್ ಚಮೊರ್ರೊ ಅವರನ್ನು ಕೆಲವು ಕಾಗದಗಳಿಗೆ ಸಹಿ ಹಾಕಬೇಕೆಂದು ಕರೆದೊಯ್ದು ‘ಎಲ್ ಚಿಪೋತೆ’ ಸೆರೆಮನೆಗೆ ತಳ್ಳಲಾಯಿತು. ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಿ, 2022ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆಯ ಆರೋಪದ ಮೇಲೆ ಒಂಬತ್ತು ವರ್ಷದ ಶಿಕ್ಷೆ ವಿಧಿಸಲಾಯಿತು. ಕಾಗದ ಕೊಳ್ಳಲು ಬಿಡದ ಸರ್ಕಾರವೇ, ಇವರ ಬಳಿ ಅತಿಯಾದ ಹಣವಿದೆ ಎಂದು ದೂರಿದ್ದು ಯಾವ ತರ್ಕವೋ ನನಗೆ ತಿಳಿಯದು.

ಇಲ್ಲಿ ನಿಮ್ಮದೇ ಸಂವಿಧಾನದ ಮಾತನ್ನು ಎತ್ತಲೇಬೇಕು. ಆ ದಾಳಿ ನಡೆದ ದಿನ ಜಾರಿಯಲ್ಲಿದ್ದ ಸಂವಿಧಾನದ 68ನೆಯ ವಿಧಿ ಮೂರು ವಿಷಯಗಳನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಸುದ್ದಿ ಮಾಧ್ಯಮಗಳ ಮೇಲೆ ಪೂರ್ವಭಾವಿ ಸೆನ್ಸಾರ್ ಹೇರುವಂತಿಲ್ಲ. ಅವುಗಳಿಗೆ ಬೇಕಾದ ಕಾಗದ ಮತ್ತು ಯಂತ್ರಗಳ ಆಮದಿಗೆ ಯಾವ ತೆರಿಗೆಯೂ ಇಲ್ಲ. ಮುದ್ರಣಯಂತ್ರವನ್ನಾಗಲಿ ಅದರ ಪರಿಕರಗಳನ್ನಾಗಲಿ ಅಪರಾಧದ ಸಾಧನವೆಂಬ ಕಾರಣಕ್ಕೂ, ಯಾವ ಸಂದರ್ಭದಲ್ಲೂ, ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. ‘ಯಾವ ಸಂದರ್ಭದಲ್ಲೂ’ ಎಂಬುದರಲ್ಲಿ ನಿಮ್ಮ ಸಂದರ್ಭವೂ ಸೇರಿದೆ. ಹೊಲ್ಮನ್ ಅವರ ಮೇಲಿನ ಆರೋಪ ಅಕ್ಷರಶಃ ನಿಜವೆಂದೇ ವಾದಕ್ಕೆ ಇಟ್ಟುಕೊಂಡರೂ ಯಂತ್ರವನ್ನು ಮುಟ್ಟುವ ಅಧಿಕಾರ ನಿಮ್ಮ ಪೊಲೀಸರಿಗೆ ಇರಲಿಲ್ಲ. ಆದರೂ 2022ರ ಆಗಸ್ಟ್‌ನಲ್ಲಿ ಕಟ್ಟಡವನ್ನೇ ವಶಪಡಿಸಿಕೊಂಡು, ಅಲ್ಲಿ ಹೊಸೆ ಕೊರೊನೆಲ್ ಉರ್ತೆಚೊ ಹೆಸರಿನ ಸಾಂಸ್ಕೃತಿಕ ಮತ್ತು ಪಾಲಿಟೆಕ್ನಿಕ್ ಕೇಂದ್ರವನ್ನು ತೆರೆಯುವುದಾಗಿ ಘೋಷಿಸಲಾಯಿತು. ಕೊರೊನೆಲ್ ಉರ್ತೆಚೊ ದೊಡ್ಡ ಕವಿ, ಒಪ್ಪೋಣ. ಆದರೆ ಅವರು, ನೀವು ಯಾರ ಕೈಕೆಳಗೆ ಕೆಲಸ ಮಾಡಿದಿರೋ ಆ ಪಾಬ್ಲೊ ಅಂತೋನಿಯೊ ಕ್ವಾದ್ರಾ ಅವರ ‘ವಂಗ್ವಾರ್ದಿಯಾ’ ಪಂಥದ ಒಡನಾಡಿ. ಕ್ವಾದ್ರಾ ಬಹುಕಾಲ ‘ಲಾ ಪ್ರೆನ್ಸಾ’ವನ್ನೂ ಅದರ ಸಾಹಿತ್ಯ ಪುರವಣಿಯನ್ನೂ ಕಟ್ಟಿ ಬೆಳೆಸಿದವರು. ಒಬ್ಬ ಕವಿ ಕಟ್ಟಿದ ಮನೆಯನ್ನು ಕಿತ್ತುಕೊಂಡು ಅವರ ಗೆಳೆಯನ ಹೆಸರನ್ನು ಬಾಗಿಲ ಮೇಲೆ ಬರೆಸುವುದು, ಸ್ವತಃ ಕವಯಿತ್ರಿಯಾದ ನಿಮಗೆ ಹೇಗೆ ಒಪ್ಪಿಗೆಯಾಯಿತು?

ಭಾರತದವರಾದ ನಮಗೆ ಇದರಲ್ಲಿ ನೇರವಾಗಿ ತಟ್ಟುವ ಸಂಗತಿಯೊಂದಿದೆ. 2022ರ ಜೂನ್ ಕೊನೆಯಲ್ಲಿ ನಿಮ್ಮ ಶಾಸನಸಭೆ ನೂರಕ್ಕೂ ಹೆಚ್ಚು ಸಂಘಸಂಸ್ಥೆಗಳ ನೋಂದಣಿಯನ್ನು ಒಂದೇ ಏಟಿಗೆ ರದ್ದುಪಡಿಸಿತು. ಅವುಗಳಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿದ, ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿ ಒಂದು. 1980ರ ದಶಕದ ಕೊನೆಯಿಂದ ನಿಮ್ಮ ದೇಶದಲ್ಲಿ ಅನಾಥ ಮಕ್ಕಳನ್ನೂ ದಿಕ್ಕಿಲ್ಲದ ವೃದ್ಧರನ್ನೂ ನೋಡಿಕೊಳ್ಳುತ್ತಿದ್ದ ಆ ಸಂನ್ಯಾಸಿನಿಯರನ್ನು ಜುಲೈ 6ರಂದು ಪೊಲೀಸರ ಕಾವಲಿನಲ್ಲಿ ಕೋಸ್ಟರಿಕಾದ ಗಡಿಗೆ ಸಾಗಿಸಲಾಯಿತು. ಅವರಲ್ಲಿ ಭಾರತೀಯರೂ ಇದ್ದರು. ಆ ಸುದ್ದಿಯನ್ನು ವರದಿ ಮಾಡಿದ್ದಕ್ಕೆ ‘ಲಾ ಪ್ರೆನ್ಸಾ’ ತೆತ್ತದ್ದೇನು? ಪತ್ರಿಕೆಯ ಇಬ್ಬರು ಚಾಲಕರನ್ನು ಬಂಧಿಸಲಾಯಿತು, ವರದಿಗಾರರು ಮತ್ತು ಛಾಯಾಗ್ರಾಹಕರ ಮನೆಗಳಿಗೆ ಪೊಲೀಸರು ಹುಡುಕಿಕೊಂಡು ಹೋದರು. ಚಾಲಕರು ಏನನ್ನೂ ಬರೆದವರಲ್ಲ. ಗಾಡಿ ಓಡಿಸುವುದು ಅವರ ಕೆಲಸ, ಓಡಿಸಿದರು, ಅಷ್ಟೇ. ಅದೇ ತಿಂಗಳಲ್ಲಿ ಪತ್ರಿಕೆಯ ಸಿಬ್ಬಂದಿ ಗುಂಪುಗುಂಪಾಗಿ ದೇಶ ಬಿಟ್ಟರು. ನಮ್ಮ ನೆಲದ ಸಂಸ್ಥೆಯೊಂದಕ್ಕೆ ಆದ ಅನ್ಯಾಯವನ್ನು ದಾಖಲಿಸಲು ಹೋಗಿ ಅವರು ಮನೆಮಠ ಕಳೆದುಕೊಂಡರು ಎಂಬುದು ಇಲ್ಲಿ ಅನೇಕರಿಗೆ ತಿಳಿದಿಲ್ಲ. ತಿಳಿದವರ ಮೇಲೆ ಆ ಋಣ ಇದ್ದೇ ಇದೆ.

2023ರ ಫೆಬ್ರವರಿ 9ರಂದು ನೀವು 222 ರಾಜಕೀಯ ಕೈದಿಗಳನ್ನು ವಿಮಾನ ಹತ್ತಿಸಿ ವಾಷಿಂಗ್ಟನ್ನಿಗೆ ಕಳಿಸಿದಿರಿ. ಹೊಲ್ಮನ್ ಅವರಲ್ಲಿ ಒಬ್ಬರು. ಸೆರೆಯಿಂದ ಬಿಟ್ಟಿರಿ ಎಂದು ಸಂತೋಷಪಡುವಷ್ಟರಲ್ಲಿ ಅವರೆಲ್ಲರ ರಾಷ್ಟ್ರೀಯತೆಯನ್ನು ಕಿತ್ತುಕೊಂಡಿರಿ. ಕೆಲವೇ ದಿನಗಳಲ್ಲಿ ಇನ್ನೂ 94 ಮಂದಿಗೆ ಅದೇ ಗತಿಯಾಯಿತು. ಒಂದು ಕಾಲಕ್ಕೆ ನಿಮ್ಮ ಪಕ್ಷದ ಪತ್ರಿಕೆಯನ್ನು ನಡೆಸಿದ್ದ ಕಾರ್ಲೋಸ್ ಫೆರ್ನಾಂದೊ ಚಮೊರ್ರೊ ಅವರೂ ಆ ಪಟ್ಟಿಯಲ್ಲಿದ್ದರು. ಸೊಮೊಸಾಗಳು ಪತ್ರಕರ್ತರನ್ನು ಹೊಡೆದರು, ಜೈಲಿಗೆ ಹಾಕಿದರು, ಗಡೀಪಾರು ಮಾಡಿದರು. ಆದರೆ ನೀನು ಈ ಮಣ್ಣಿನವನೇ ಅಲ್ಲ ಎಂದು ನೂರಾರು ಜನರಿಗೆ ಒಂದೇ ವಾರದಲ್ಲಿ ಹೇಳುವ ಧೈರ್ಯ ಅವರಿಗೂ ಬಂದಿರಲಿಲ್ಲ. ವಿಯೊಲೆತಾ ಅವರು 2025ರ ಜೂನ್ 14ರಂದು ತೀರಿಕೊಂಡದ್ದು ಕೋಸ್ಟರಿಕಾದ ರಾಜಧಾನಿಯಲ್ಲಿ. ನಿಮ್ಮ ದೇಶದ ಮಾಜಿ ಅಧ್ಯಕ್ಷೆ, ಯುದ್ಧವನ್ನು ಕೊನೆಗೊಳಿಸಿದ ಹೆಂಗಸು, ಗಂಡನ ಸಮಾಧಿಯಿರುವ ನೆಲದಲ್ಲಿ ಕಣ್ಣುಮುಚ್ಚುವಂತಾಗಲಿಲ್ಲ.

2025ರ ಮೇ ತಿಂಗಳಲ್ಲಿ ಯುನೆಸ್ಕೊ ತನ್ನ ವಿಶ್ವ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನು ‘ಲಾ ಪ್ರೆನ್ಸಾ’ಕ್ಕೆ ಘೋಷಿಸಿತು. ಆ ಪ್ರಶಸ್ತಿ ಇರುವುದು ಕೊಲಂಬಿಯಾದ ‘ಎಲ್ ಎಸ್ಪೆಕ್ತಾದೋರ್’ ದಿನಪತ್ರಿಕೆಯ ಸಂಪಾದಕ ಗಿಯೆರ್ಮೊ ಕಾನೊ ಅವರ ಹೆಸರಿನಲ್ಲಿ. 1986ರ ಡಿಸೆಂಬರ್ 17ರಂದು ಮಾದಕವಸ್ತು ದೊರೆಗಳು ಅವರನ್ನು ಬೊಗೊಟಾದ ತಮ್ಮ ಪತ್ರಿಕಾ ಕಚೇರಿಯ ಎದುರಿನಲ್ಲೇ ಕೊಲ್ಲಿಸಿದರು. ಪ್ರಶಸ್ತಿಗೆ ನಿಮ್ಮ ಸರ್ಕಾರದ ಉತ್ತರ ತಕ್ಷಣ ಬಂತು: ನಿಕರಾಗುವಾ ಯುನೆಸ್ಕೊದಿಂದಲೇ ಹೊರನಡೆಯುವುದಾಗಿ ಘೋಷಿಸಿತು. ಪತ್ರಿಕೆ ದೇಶದ್ರೋಹಿ, ಅಮೆರಿಕದ ಹಸ್ತಕ್ಷೇಪವನ್ನು ಬೆಂಬಲಿಸುವಂಥದ್ದು ಎಂಬುದು ನಿಮ್ಮ ವಾದ. ಯುನೆಸ್ಕೊದ ಶಾಲಾ ಯೋಜನೆಗಳು, ವಿದ್ವಾಂಸರ ವಿನಿಮಯ ಎಲ್ಲವನ್ನೂ ಒಂದು ದಿನಪತ್ರಿಕೆಯ ಮೇಲಿನ ಮುನಿಸಿಗೆ ಪಣವಾಗಿ ಇಡಲಾಯಿತು. ಕಟ್ಟಡವಿಲ್ಲದ, ಯಂತ್ರವಿಲ್ಲದ, ಕಾಗದವಿಲ್ಲದ, ಊರೇ ಇಲ್ಲದ ಪತ್ರಿಕೆಯೊಂದಕ್ಕೆ ಇಷ್ಟು ಹೆದರಬೇಕೇ ಎಂದು ಹೊರಗಿನವರಿಗೆ ಅನ್ನಿಸಿದರೆ ಅದು ಸಹಜ.

ನೀವು ಪ್ರತಿ ಮಧ್ಯಾಹ್ನ ದೂರದರ್ಶನ ಮತ್ತು ರೇಡಿಯೊದಲ್ಲಿ ದೇಶವನ್ನು ಉದ್ದೇಶಿಸಿ ಮಾತಾಡುತ್ತೀರಿ. ಹಲವು ವಾಹಿನಿಗಳು ನಿಮ್ಮ ಮಕ್ಕಳ ಉಸ್ತುವಾರಿಯಲ್ಲಿವೆ ಎಂಬುದು ಬಹುಕಾಲದಿಂದ ವರದಿಯಾಗಿರುವ ಸಂಗತಿ. ನಿಮ್ಮ ಮಾತು ಜನರಿಗೆ ತಲುಪುವುದಿಲ್ಲ ಎಂಬ ಭಯಕ್ಕೆ ಕಾರಣವಿಲ್ಲ. ಅತ್ತ ‘ಲಾ ಪ್ರೆನ್ಸಾ’ ಇಂದು ಕೋಸ್ಟರಿಕಾ, ಸ್ಪೇನ್, ಅಮೆರಿಕ ಮೊದಲಾದೆಡೆ ಚದುರಿಹೋದ ಪತ್ರಕರ್ತರು ಅಂತರ್ಜಾಲದಲ್ಲಷ್ಟೇ ನಡೆಸುತ್ತಿರುವ ಪತ್ರಿಕೆ. ಒಳಗಿನ ಸುದ್ದಿ ಕೊಡುವವರು ಹೆಸರು ಹೇಳಲಾರರು, ಬರೆದವರು ಹೆಸರು ಹಾಕಲಾರರು. ದೇಶಾದ್ಯಂತ ಹಂಚಿಕೆಯಾಗುವ ಒಂದೇ ಒಂದು ಅಚ್ಚಿನ ದಿನಪತ್ರಿಕೆಯೂ ಇಲ್ಲದ ರಾಷ್ಟ್ರವಾಗಿ ನಿಕರಾಗುವಾ 2021ರಲ್ಲಿ ಮಾರ್ಪಟ್ಟಿತು. ಫೋನು, ಇಂಟರ್ನೆಟ್ಟು ಇಲ್ಲದ ಹಳ್ಳಿಯ ಮುದುಕ ಸಾವಿನ ಸುದ್ದಿಯನ್ನೋ, ಜೋಳ–ಹುರುಳಿಯ ಧಾರಣೆಯನ್ನೋ ನಿಮ್ಮ ಮಧ್ಯಾಹ್ನದ ಭಾಷಣದಲ್ಲೇ ಹುಡುಕಿಕೊಳ್ಳಬೇಕು. ರೂಬೆನ್ ದಾರಿಯೊನಂಥ ಕವಿಯನ್ನು ಸ್ಪ್ಯಾನಿಷ್ ಭಾಷೆಗೆ ಕೊಟ್ಟ ದೇಶ ಅದು. ಆ ದಾರಿಯೊ ಕೂಡ ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆದವನೇ. ಬ್ಯೂನಸ್ ಐರಿಸ್‌ನ ‘ಲಾ ನಾಸಿಯೋನ್’ ಅವನ ಬರಹಗಳನ್ನು ವರ್ಷಗಟ್ಟಲೆ ಅಚ್ಚು ಹಾಕಿತು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಉತ್ತರ ಹೆದ್ದಾರಿಯ ಕಟ್ಟಡವನ್ನೂ ಅದರೊಳಗಿನ ಯಂತ್ರಗಳನ್ನೂ ಪತ್ರಿಕೆಯ ಒಡೆಯರಿಗೆ ಬೇಷರತ್ತಾಗಿ ಹಿಂದಿರುಗಿಸಬೇಕು. ಪಾಲಿಟೆಕ್ನಿಕ್ ಬೇಕಿದ್ದರೆ ಸರ್ಕಾರದ ಬಳಿ ಬೇರೆ ಜಾಗಗಳು ಸಾಕಷ್ಟಿವೆ. ಯಾವುದೇ ಪತ್ರಿಕೆಗೆ ಬಂದ ಕಾಗದವನ್ನು ಕಾರಣ ಬರೆದುಕೊಡದೆ ಕಸ್ಟಮ್ಸ್‌ನಲ್ಲಿ ತಡೆಹಿಡಿಯುವುದಿಲ್ಲ ಎಂದು ಲಿಖಿತವಾಗಿ ಘೋಷಿಸಬೇಕು. ರಾಷ್ಟ್ರೀಯತೆ ಕಳೆದುಕೊಂಡ ಪತ್ರಕರ್ತರಿಗೆ, ಅವರೊಂದಿಗೆ ಅದೇ ಶಿಕ್ಷೆ ಉಂಡ ಉಳಿದವರಿಗೂ, ಅದನ್ನು ಮರಳಿಸಿ ಭಯವಿಲ್ಲದೆ ಊರಿಗೆ ಬರಲು ಬಿಡಬೇಕು. ಬರೆದ ಕಾರಣಕ್ಕೆ ಇಂದಿಗೂ ಒಳಗಿರುವವರಿದ್ದರೆ ಅವರ ಹೆಸರುಗಳನ್ನೂ ಅವರು ಎಲ್ಲಿದ್ದಾರೆಂಬುದನ್ನೂ ಅವರ ಮನೆಯವರಿಗೆ ತಿಳಿಸಿ, ಬಿಡುಗಡೆ ಮಾಡಬೇಕು. 1980ರ ದಶಕದ ನೆರವಿನ ಬಗ್ಗೆಯಾಗಲಿ, ಈಚಿನ ಲೆಕ್ಕಪತ್ರಗಳ ಬಗ್ಗೆಯಾಗಲಿ ನಿಮಗೆ ದೂರುಗಳಿದ್ದರೆ ಅವನ್ನು ಸಾರ್ವಜನಿಕರೂ ವಕೀಲರೂ ಕುಳಿತು ನೋಡಬಹುದಾದ ತೆರೆದ ನ್ಯಾಯಾಲಯದಲ್ಲಿ ಇಡಿ. ಅದನ್ನು ಯಾರೂ ಬೇಡವೆನ್ನುವುದಿಲ್ಲ.

ನಮ್ಮ ಭಾರತ ಸರ್ಕಾರಕ್ಕೂ ಒಂದು ಮಾತು ಇದರಲ್ಲೇ ಸೇರಿಸುತ್ತೇನೆ. ನಿಕರಾಗುವಾದೊಂದಿಗಿನ ನಮ್ಮ ಸ್ನೇಹ ಅಲಿಪ್ತ ಚಳವಳಿಯ ಕಾಲದ್ದು. ಆ ಸ್ನೇಹದ ಸಲುಗೆಯಿಂದ ಮಿಷನರೀಸ್ ಆಫ್ ಚಾರಿಟಿಯ ಸಂನ್ಯಾಸಿನಿಯರು ಮತ್ತೆ ಅಲ್ಲಿ ಕೆಲಸ ಮಾಡುವಂತಾಗಬೇಕೆಂದೂ, ಅವರ ಸುದ್ದಿ ಬರೆದವರ ಮೇಲಿನ ಕ್ರಮಗಳು ನಿಲ್ಲಬೇಕೆಂದೂ ಮನಾಗುವಾಕ್ಕೆ ತಿಳಿಸುವುದು ದೊಡ್ಡ ರಾಜತಾಂತ್ರಿಕ ಸಾಹಸವೇನಲ್ಲ.

1926ರಲ್ಲಿ ಆರಂಭವಾದ ಪತ್ರಿಕೆಗೆ 2026ರ ಮಾರ್ಚ್ 2ಕ್ಕೆ ನೂರು ವರ್ಷ. ನೂರನೆಯ ವರ್ಷದ ವಿಶೇಷ ಸಂಚಿಕೆಯನ್ನು ಮನಾಗುವಾದಲ್ಲೇ, ಅದೇ ಯಂತ್ರಗಳ ಮೇಲೆ, ನಿಮ್ಮನ್ನು ಟೀಕಿಸುವ ಲೇಖನಗಳೂ ಸೇರಿದಂತೆ, ಅಚ್ಚು ಹಾಕಲು ಅನುಮತಿ ಕೊಡಿ. ಬೇಕಿದ್ದರೆ ಆ ಕಚೇರಿಯಲ್ಲಿ ಕಳೆದ ವರ್ಷಗಳ ಬಗ್ಗೆ ನಿಮ್ಮದೊಂದು ಬರಹವನ್ನೂ ಅದಕ್ಕೆ ಕಳಿಸಿಕೊಡಿ. ಅವರು ಅದನ್ನು ಪ್ರಕಟಿಸುತ್ತಾರೆಂದೇ ನನ್ನ ಎಣಿಕೆ.

ಇಂತಿ,
ಕರ್ನಾಟಕದ ಒಬ್ಬ ಪತ್ರಿಕಾ ಓದುಗ